ಆಟೋ ಮೈಕಿನ ಔಷಧಿಗೆ ದೂರು ಕೊಡಬಹುದೇ?

ಪ್ರಶ್ನೆ: ಸಂತೆ ದಿನ ನಮ್ಮೂರಿಗೆ ಒಂದು ಆಟೋ ಬರುತ್ತದೆ. “ಸಕ್ಕರೆ ಕಾಯಿಲೆ 90 ದಿನದಲ್ಲಿ ಬುಡಸಮೇತ ವಾಸಿ, ಮಾತ್ರೆ ಬಿಸಾಡಿ” ಎಂದು ಮೈಕಿನಲ್ಲಿ ಕೂಗುತ್ತಾರೆ. ನಮ್ಮ ಮಾವ 2,400 ರೂಪಾಯಿ ಕೊಟ್ಟು ಪುಡಿ ತಂದು ಮಾತ್ರೆ ನಿಲ್ಲಿಸಿದ್ದಾರೆ. “ಇಂಥ ಜಾಹೀರಾತಿನ ಕಾನೂನನ್ನೇ ತೆಗೆದುಹಾಕಿದ್ದಾರಂತೆ” ಎನ್ನುತ್ತಾರೆ ನಮ್ಮೆಜಮಾನರು. ಬರೀ ಬಾಯಲ್ಲಿ ಹೇಳಿದ್ದಕ್ಕೆ ದೂರು ಕೊಡಬಹುದೇ?
– ಓದುಗರೊಬ್ಬರು, ಬೇಲೂರು ತಾಲ್ಲೂಕು

ಉತ್ತರ: ದೂರು ಆಮೇಲೆ ನೋಡೋಣ ತಾಯಿ. ನಾಳೆ ಬೆಳಿಗ್ಗೆ ಮಾವನವರ ಶುಗರ್ ಪರೀಕ್ಷೆ ಮಾಡಿಸಿ, ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪುಡಿ ಡಬ್ಬಿಯೂ ಜೊತೆಗಿರಲಿ.

ಹಾಸನದಲ್ಲಿ ಮೂವತ್ತು ವರ್ಷ ಮೆಡಿಕಲ್ ಶಾಪ್ ನಡೆಸಿದವನು ನಾನು. ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ತಿಂಗಳಿಗೊಮ್ಮೆ ಶುಗರ್ ಮಾತ್ರೆಗೆ ಬರುತ್ತಿದ್ದರು. ಒಮ್ಮೆ ಮೂರು ತಿಂಗಳು ಪತ್ತೆಯೇ ಇಲ್ಲ. ಆಮೇಲೆ ಕಾಲ್ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದರು. ಮಾತ್ರೆ ಬಿಟ್ಟು ಇಂಥದ್ದೇ ಪುಡಿ ತಿನ್ನುತ್ತಿದ್ದರಂತೆ. ಶುಗರ್ 400 ದಾಟಿತ್ತು. ಪುಡಿ ಮಾರಿದವನನ್ನು ಒಂದು ಮಾತು ಬೈಯಲಿಲ್ಲ. “ನಾನೇ ಪಥ್ಯ ಸರಿಯಾಗಿ ಮಾಡಲಿಲ್ಲ ಸ್ವಾಮಿ” ಎಂದರು. ಮಾರುವವನಿಗೆ ಬೇಕಾಗಿದ್ದೂ ಅದೇ. ವಾಸಿಯಾದರೆ ಪುಡಿಯ ಮಹಿಮೆ, ಆಗದಿದ್ದರೆ ನಿಮ್ಮ ಪಥ್ಯದ ತಪ್ಪು!

ಈಗ ಕಾನೂನು. ಮದ್ದು, ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತಿಗೆ 1954ರಲ್ಲೇ ಒಂದು ಕಾಯ್ದೆ ಬಂದಿದೆ. ಕೆಲವು ಕಾಯಿಲೆಗಳ ಪಟ್ಟಿ ಕೊಟ್ಟು, ಇವನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡಲೇಬಾರದು ಎನ್ನುತ್ತದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು, ಮೂತ್ರಪಿಂಡದ ಕಲ್ಲು ಎಲ್ಲ ಅದರಲ್ಲಿವೆ. ಪುಡಿಯಿಂದ ಯಾರಿಗಾದರೂ ಗುಣವಾಯಿತೇ ಎಂಬ ವಾದವೇ ಇಲ್ಲಿ ಬೇಡ. ಜಾಹೀರಾತು ಕೊಟ್ಟದ್ದೇ ತಪ್ಪು. ಆಯುರ್ವೇದವಾದರೂ ಅಷ್ಟೇ, ಇಂಗ್ಲಿಷ್ ಮದ್ದಾದರೂ ಅಷ್ಟೇ. ತಾಯತ, ಮಂತ್ರವೂ ಬಿಟ್ಟಿಲ್ಲ.

ಬಾಯಿಮಾತು? ಅದೂ ಜಾಹೀರಾತೇ. ಕರಪತ್ರ, ಲೇಬಲ್, ಬಾಯಲ್ಲಿ ಸಾರುವುದು, ಬೆಳಕು, ಶಬ್ದ, ಕೊನೆಗೆ ಹೊಗೆಯಲ್ಲಿ ಸಾರಿದರೂ ಸೇರುತ್ತದೆ. ಹೊಗೆಯಲ್ಲಿ ಯಾರು ಸಾರುತ್ತಿದ್ದರೋ! ಶಿಕ್ಷೆ ಮಾತ್ರ ಜಾಸ್ತಿ ಅಲ್ಲ. 1954ರಲ್ಲಿ ಇಟ್ಟದ್ದು ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ.

ನಿಮ್ಮ ಯಜಮಾನರು ಕೇಳಿದ್ದು ಬೇರೆ ಸುದ್ದಿ. ಆಯುಷ್ ಔಷಧಿಗಳ ಜಾಹೀರಾತಿಗೆ ಮೊದಲೇ ಒಪ್ಪಿಗೆ ಪಡೆಯಬೇಕೆಂಬ 170ನೇ ನಿಯಮವನ್ನು ಕೇಂದ್ರ 2024ರ ಜುಲೈ 1ರಂದು ಕೈಬಿಟ್ಟಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು, 2025ರ ಆಗಸ್ಟ್‌ನಲ್ಲಿ ಆ ತಡೆಯೂ ಹೋಯಿತು. ಹೋಗಿದ್ದು ಆ ನಿಯಮ, 1954ರ ಕಾಯ್ದೆ ಅಲ್ಲ. ಈ ಕಾಯ್ದೆಯ ದೂರು ತೆಗೆದುಕೊಳ್ಳಲು ವ್ಯವಸ್ಥೆ ಮಾಡಿ ಎಂದು ಕೋರ್ಟ್ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಹೇಳಿದೆ.

ಹಾಸನದ ಜಿಲ್ಲಾ ಆಯುಷ್ ಕಚೇರಿಗೆ ಬರೆದು ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಡಬ್ಬಿ ಎಸೆಯಬೇಡಿ. ತಯಾರಕರ ಲೈಸೆನ್ಸ್ ನಂಬರ್ ಇದೆಯೇ ನೋಡಿ, ಇಲ್ಲದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಆಟೋ ಮತ್ತೆ ಬಂದಾಗ ಜಗಳಕ್ಕೆ ಹೋಗಬೇಡಿ. ಸುಮ್ನೆ ಜಗಲಿ ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಮೈಕಿನ ಮಾತು ಕೇಳಿಸಲಿ, ಆಟೋ ನಂಬರೂ ಕಾಣಲಿ.