ಒಂಟಿ ಮಿಡತೆ, ಹಿಂಡಿನ ಮಿಡತೆ: ಜೀನ್ ಒಂದೇ, ಓದುವ ರೀತಿ ಬೇರೆ

ಒಂಟಿಯಾಗಿರುವ ಮಿಡತೆ, ಹಿಂಡು ಕಟ್ಟುವ ಮಿಡತೆ ಎರಡೂ ಬೇರೆ ಜಾತಿಗಳಾ, ಇಲ್ಲಾ ಒಂಟಿಯದು ಹಿಂಡಿಗೆ ಸೇರುವಾಗ ಜೀನ್ ಬದಲಾಗುತ್ತಾ ಅಂತ ಕೇಳಿದ್ದೀರಿ. ಎರಡೂ ಅಲ್ಲ. ಜೀನ್‌ಗಳು ಅವೇ, ಯಾವುದು ಎಷ್ಟು ಕೆಲಸ ಮಾಡುತ್ತದೆ ಅನ್ನೋದು ಮಾತ್ರ ಬದಲಾಗುತ್ತದೆ. ಬೇರೆ ಜಾತಿ ಅನ್ನಿಸಿದ್ದು ನಿಮ್ಮ ತಪ್ಪಲ್ಲ ಬಿಡಿ. 1921ರಲ್ಲಿ ಕೀಟವಿಜ್ಞಾನಿ ಬೋರಿಸ್ ಉವರೋವ್ ಇವು ಒಂದೇ ಜಾತಿಯ ಎರಡು ರೂಪ ಅಂತ ಹೇಳುವವರೆಗೂ ವಿಜ್ಞಾನಿಗಳೇ ಹಾಗೆ ನಂಬಿದ್ದರು.

ಮರುಭೂಮಿ ಮಿಡತೆ ಅನ್ನೋ ಜಾತಿಯಲ್ಲಿ ಈ ಬದಲಾವಣೆ ಶುರುವಾಗುವುದು ಹಿಂಗಾಲಿನಿಂದ! ಜಾಗ ಇಕ್ಕಟ್ಟಾಗಿ ತೊಡೆಗೆ ಬೇರೆ ಮಿಡತೆಗಳು ಪದೇ ಪದೇ ತಾಗಿದರೆ, ಎದೆಭಾಗದ ನರಗಂಟುಗಳಲ್ಲಿ ಸಿರೊಟೋನಿನ್ (ನರಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಏರುತ್ತದೆ. ಎರಡೇ ಗಂಟೆಗಳಲ್ಲಿ ಇತರರಿಂದ ದೂರ ಸರಿಯುತ್ತಿದ್ದ ಹುಳ ಗುಂಪಿನತ್ತ ಹೋಗತೊಡಗುತ್ತದೆ. ಬಣ್ಣ, ಮೈಕಟ್ಟು ಬದಲಾಗಲು ಮಾತ್ರ ಜಾಸ್ತಿ ಕಾಲ ಬೇಕು.

ಜೀನ್‌ಗಳ ವಿಷಯದಲ್ಲಿ ವಲಸೆ ಮಿಡತೆ ಅನ್ನೋ ಇನ್ನೊಂದು ಜಾತಿಯ ಮೇಲೆ ಚೀನಾದಲ್ಲಿ ಒಳ್ಳೆಯ ಕೆಲಸ ಆಗಿದೆ. 2004ರ ಅಧ್ಯಯನದಲ್ಲೇ ಎರಡು ರೂಪಗಳ ನಡುವೆ 532 ಜೀನ್‌ಗಳ ಚಟುವಟಿಕೆ ಬೇರೆಯಾಗಿ ಕಂಡಿತ್ತು. ನನಗೆ ತುಂಬಾ ಇಷ್ಟವಾದದ್ದು ಮೀಸೆಯ, ಅಂದರೆ ವಾಸನೆ ಹಿಡಿಯುವ ಆಂಟೆನಾದ ಕಥೆ. ಹಿಂಡಿನ ಮಿಡತೆಯ ಮೀಸೆಯಲ್ಲಿ ಸಿಎಸ್‌ಪಿ ಅನ್ನೋ, ವಾಸನೆಯಂಥ ರಾಸಾಯನಿಕ ಸುಳಿವು ಗ್ರಹಿಸಲು ನೆರವಾಗುವ ಪ್ರೋಟೀನ್‌ಗಳ ಜೀನ್‌ಗಳು ಜೋರು. ಒಂಟಿಯದರಲ್ಲಿ ಟೇಕ್‌ಔಟ್ ಎಂಬ ಜೀನ್ ಜೋರು. ಸಿಎಸ್‌ಪಿ ಜೀನ್ ಕೆಲಸ ಮಾಡದಂತೆ ಅಡಗಿಸಿದರೆ ಹಿಂಡಿನ ಮರಿಗೆ ಜೊತೆಯವರು ಬೇಡವಾಗುತ್ತಾರೆ. ಟೇಕ್‌ಔಟ್ ಅಡಗಿಸಿದರೆ ಒಂಟಿ ಮರಿಗೆ ಗುಂಪು ಹಿಡಿಸತೊಡಗುತ್ತದೆ. ಮಜಾ ಇದೆ ಅಲ್ವಾ?

ಅಂದಹಾಗೆ, ವಲಸೆ ಮಿಡತೆಯಲ್ಲಿ ಡೋಪಮೈನ್ ಎಂಬ ಇನ್ನೊಂದು ನರ ರಾಸಾಯನಿಕ ತಯಾರಿಸುವ ಜೀನ್‌ಗಳದ್ದೂ ದೊಡ್ಡ ಪಾತ್ರ. ಹಾಗಾಗಿ "ಎಲ್ಲಾ ಸಿರೊಟೋನಿನ್ ಆಟ" ಅಂತ ಎಲ್ಲಾದರೂ ಓದಿದ್ದರೆ, ಅದು ಯಾವ ಮಿಡತೆಯ ಬಗ್ಗೆ ಅಂತ ಮೊದಲು ನೋಡಿ.