ಓದುಗರ ಪ್ರಶ್ನೆ, ನಮ್ಮ ಉತ್ತರ: ನೀರು ಇಳಿದಾಗ ಬರುವ ಹಕ್ಕಿಗಳು

ನದಿ ದಂಡೆಯ ಮೇಲೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ನಾಲ್ಕು ರೂಮು, ಬೆಳಗಿನ ತಿಂಡಿ, ಹಿಂದಿನ ಜಗಲಿಯಿಂದ ನೀರಿಗೆ ಇಳಿಯೋಕೆ ಹದಿನಾಲ್ಕು ಮೆಟ್ಟಿಲು, ಅಷ್ಟೇ. ಹೋದ ಸಂಚಿಕೆಯಲ್ಲಿ ಅಲ್ಲಿಗೆ ಬರುವ ಹಕ್ಕಿಗಳ ಬಗ್ಗೆ ಬರೆದ ಮೇಲೆ ಬಹಳ ಪ್ರಶ್ನೆಗಳು ಬಂದವು. ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಯಾವ ತಿಂಗಳಲ್ಲಿ ಹೋದರೆ ಹಕ್ಕಿ ಜಾಸ್ತಿ ಕಾಣುತ್ತವೆ ಮೇಡಂ? ರಜೆ ನೋಡಿಕೊಂಡು ರೂಮು ಬುಕ್ ಮಾಡಬೇಕು, ಒಂದೇ ತಿಂಗಳು ಹೇಳಿ.

ಒಂದೇ ತಿಂಗಳು ಹೇಳೋದು ಕಷ್ಟ. ನದಿಯ ಹಕ್ಕಿಗೆ ನೀರಿನ ಮಟ್ಟವೇ ಪಂಚಾಂಗ. ನದಿ ತುಂಬಿ ಕೆಸರಾಗಿ ಹರಿಯುವಾಗ ಮಿಂಚುಳ್ಳಿಗೆ ಮೀನು ಕಾಣೋದಿಲ್ಲ, ಬಕಕ್ಕೆ ಕಾಲೂರಿ ನಿಲ್ಲುವಷ್ಟು ತೆಳು ನೀರು ಸಿಗೋದಿಲ್ಲ, ಎರಡೂ ಪಕ್ಕದ ಕೆರೆ, ಕಾಲುವೆ, ಹೊಂಡ ಹುಡುಕಿಕೊಂಡು ಹೋಗುತ್ತವೆ. ನೀರು ಇಳಿಯೋಕೆ ಶುರುವಾದಾಗ ನೋಡಿ, ದಡದ ಕೆಸರು ತೆರೆದುಕೊಳ್ಳುತ್ತದೆ, ಅದರೊಳಗಿನ ಹುಳ ಹೆಕ್ಕೋಕೆ ಗೊರವಗಳು ಬರುತ್ತವೆ, ಬಾಲ ಕುಣಿಸುತ್ತ ಸಿಪಿಲೆಗಳು ಬರುತ್ತವೆ, ಹೊಂಡಗಳಲ್ಲಿ ಸಿಕ್ಕಿಬಿದ್ದ ಮೀನಿಗಾಗಿ ಬಕ, ಬೆಳ್ಳಕ್ಕಿ, ನೀರುಕಾಗೆ ಎಲ್ಲ ಒಟ್ಟಿಗೆ ಸೇರುತ್ತವೆ. ಇನ್ನೂ ಇಳಿದರೆ ನಡುವೆ ಮರಳುದಿಬ್ಬಗಳು ಏಳುತ್ತವೆ. ಆಗ ಮರಳಲ್ಲಿ ಮೊಟ್ಟೆ ಇಡುವ ಹಕ್ಕಿಗಳ ಸರದಿ.

ನಾನು ದಿನಾ ಬೆಳಗ್ಗೆ ಎಷ್ಟು ಮೆಟ್ಟಿಲು ನೀರಿನಿಂದ ಹೊರಗಿದೆ ಅಂತ ಮೇಲಿನಿಂದ ಎಣಿಸಿ ಒಂದು ನೋಟ್‌ಬುಕ್ಕಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ ಆವತ್ತು ಕಂಡ ಹಕ್ಕಿಗಳ ಹೆಸರು. ಆರನೇ ಮೆಟ್ಟಿಲಿಂದ ಒಂಬತ್ತನೇ ಮೆಟ್ಟಿಲವರೆಗೆ ನೀರು ಇಳಿಯುವ ವಾರಗಳಲ್ಲಿ ನಮ್ಮಲ್ಲಿ ಹೆಸರುಗಳ ಪಟ್ಟಿ ಅತಿ ಉದ್ದ. ಒಂದು ವರ್ಷ ಅದು ಬೇಗ ಬರುತ್ತದೆ, ಇನ್ನೊಂದು ವರ್ಷ ತಡ. ಆದ್ದರಿಂದ ನೀವು ಯಾವ ನದಿಯ ದಂಡೆಗೇ ಹೋಗುವುದಿದ್ದರೂ ಬುಕ್ ಮಾಡುವ ಮೊದಲು ಫೋನ್ ಮಾಡಿ, ‘ನೀರು ಇಳೀತಿದೆಯಾ, ಏರ್ತಿದೆಯಾ?’ ಅಂತ ಒಂದೇ ಒಂದು ಪ್ರಶ್ನೆ ಕೇಳಿ. ಇಳಿಯೋಕೆ ಶುರುವಾಗಿ ಎರಡು ಮೂರು ವಾರ ಆಗಿದೆ ಅಂದರೆ ಕಣ್ಣು ಮುಚ್ಚಿ ಹೊರಡಿ. ಮೇಲೆ ಅಣೆಕಟ್ಟು ಇದ್ದರೆ ನೀರು ಬಿಡುವ ದಿನಗಳನ್ನೂ ಕೇಳಿಕೊಳ್ಳಿ, ಒಂದೇ ರಾತ್ರಿಯಲ್ಲಿ ಎಲ್ಲ ಬದಲಾಗಿಬಿಡುತ್ತದೆ.

ಪ್ರಶ್ನೆ: ಇಂಥದ್ದೇ ಒಂದು ಜಾಗದಲ್ಲಿ ಎರಡು ದಿನ ಇದ್ದು ಬಂದೆವು. ದಡದುದ್ದಕ್ಕೂ ಐದಾರು ಕಿಲೋಮೀಟರ್ ನಡೆದರೂ ಕಾಗೆ, ಬೆಳ್ಳಕ್ಕಿ ಬಿಟ್ಟು ಏನೂ ಕಾಣಲಿಲ್ಲ. ನಮ್ಮ ತಪ್ಪೇನು?

ನಡೆದಿದ್ದೇ. ದಡ ಬಯಲು ಜಾಗ, ನೀವು ಹಕ್ಕಿಯನ್ನು ನೋಡುವುದಕ್ಕಿಂತ ಎಷ್ಟೋ ಮೊದಲು ಹಕ್ಕಿ ನಿಮ್ಮನ್ನು ನೋಡಿ ಹಾರಿರುತ್ತದೆ. ಮುಂದಿನ ಸಲ ಬೆಳಕು ಹರಿಯುವ ಮೊದಲೇ ಒಂದು ಜಾಗ ಹಿಡಿದು ಕೂತುಬಿಡಿ. ಬೆನ್ನಿಗೆ ಮರವೋ ಗೋಡೆಯೋ ಇರಲಿ, ಸೂರ್ಯ ನಿಮ್ಮ ಹಿಂದೆ ಇರಲಿ, ಮಾಸಲು ಬಣ್ಣದ ಬಟ್ಟೆ ಇರಲಿ. ಮೊದಲ ಇಪ್ಪತ್ತು ನಿಮಿಷ ಏನೂ ಆಗೋದಿಲ್ಲ, ಆಗ ಏಳಬೇಡಿ! ಅದಾದ ಮೇಲೆ ನೀವು ಬಂದಾಗ ಹಾರಿಹೋದವು ಒಂದೊಂದಾಗಿ ವಾಪಸ್ ಬರುತ್ತವೆ. ನಮ್ಮಲ್ಲಿಗೆ ಬಂದ ಒಬ್ಬ ಅಜ್ಜಿ, ಮಂಡಿನೋವು, ಮೆಟ್ಟಿಲು ಇಳಿಯೋಕೆ ಆಗದೆ ಮೂರು ದಿನ ಜಗಲಿಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೂವತ್ತೊಂದು ಬಗೆ ಬರೆಸಿದರು. ಅದೇ ದಿನಗಳಲ್ಲಿ ದಡದ ಮೇಲೆ ಓಡಾಡಿದ ಅವರ ಮೊಮ್ಮಕ್ಕಳು ಹನ್ನೆರಡು.

ಪ್ರಶ್ನೆ: ದಿನಾ ಒಂದೇ ಕೊಂಬೆಯ ಮೇಲೆ ಒಂದು ಪುಟ್ಟ ನೀಲಿ ಮಿಂಚುಳ್ಳಿ ಕೂರುತ್ತದೆ. ಅದು ಅದೇ ಹಕ್ಕಿನಾ? ಗಂಡೋ ಹೆಣ್ಣೋ ಹೇಗೆ ತಿಳಿಯುತ್ತದೆ?

ಬಹುಶಃ ಅದೇ. ಮಿಂಚುಳ್ಳಿ ನದಿಯ ಒಂದು ತುಂಡನ್ನು ತನ್ನದು ಅಂತ ಇಟ್ಟುಕೊಂಡು ಬೇರೆಯವನ್ನು ಓಡಿಸುತ್ತದೆ. ಚಳಿಗಾಲದಲ್ಲಂತೂ ಗಂಡು ಹೆಣ್ಣು ಕೂಡ ತಮ್ಮ ತಮ್ಮ ಪಾಲನ್ನು ಬೇರೆ ಬೇರೆ ಕಾಯುತ್ತವೆ. ಕೊಕ್ಕು ನೋಡಿ. ಕೆಳಗಿನ ಕೊಕ್ಕು ಕೆಂಪಾಗಿದ್ದರೆ ಹೆಣ್ಣು, ಮೇಲಿನದೂ ಕೆಳಗಿನದೂ ಕಪ್ಪಾಗಿದ್ದರೆ ಗಂಡು.

ಇನ್ನೊಂದು ಗುಟ್ಟು ಹೇಳುತ್ತೇನೆ, ಇದು ಗೊತ್ತಾದ ಮೇಲೆ ನನಗೆ ಮಿಂಚುಳ್ಳಿ ನೋಡುವ ರೀತಿಯೇ ಬದಲಾಯಿತು. ಮೀನು ಹಿಡಿದು ಕೊಂಬೆಗೆ ಬಡಿದ ಮೇಲೆ ಅದು ಮೀನನ್ನು ಹೇಗೆ ತಿರುಗಿಸಿಕೊಳ್ಳುತ್ತದೆ ಅಂತ ಗಮನಿಸಿ. ಮೀನಿನ ತಲೆ ಗಂಟಲ ಕಡೆ ಇದ್ದರೆ ತಾನೇ ನುಂಗುತ್ತದೆ. ತಲೆ ಹೊರಗಡೆ ಇದ್ದರೆ ಅದು ಬೇರೆಯವರಿಗೆ, ಜೋಡಿಗೋ ಮರಿಗೋ, ಯಾಕೆಂದರೆ ತಿನ್ನುವವರ ಬಾಯಿಗೆ ತಲೆ ಮೊದಲು ಹೋಗಬೇಕಲ್ವಾ? ಬಾಲ ಮೊದಲು ಹೋದರೆ ಮೀನಿನ ರೆಕ್ಕೆಯ ಮುಳ್ಳು ಗಂಟಲಿಗೆ ಸಿಕ್ಕುತ್ತದೆ. ಹಾಗೆ ಮೀನು ಹಿಡಿದು ಹಾರಿದರೆ ಹತ್ತಿರದಲ್ಲೇ ಗೂಡಿದೆ ಅಂತ ತಿಳಿಯಿರಿ. ಗೂಡು ಅಂದರೆ ನೇರವಾಗಿ ಕಡಿದಂತಿರುವ ಮಣ್ಣಿನ ದಡದಲ್ಲಿ ಕೊರೆದ ಬಿಲ, ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ ಉದ್ದ. ಬಾಯಿಯ ಕೆಳಗೆ ಬಿಳಿ ಹಿಕ್ಕೆಯ ಗೆರೆ ಇಳಿದಿದ್ದರೆ ಒಳಗೆ ಮರಿಗಳಿವೆ.

ಇದನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ. ನಮ್ಮ ಹದಿನಾಲ್ಕು ಮೆಟ್ಟಿಲು ಮಾಡಿಸಿದಾಗ ದಡ ಕಡಿಸಿದೆವು. ಕೆಲಸ ಮುಗಿಯುವ ಹೊತ್ತಿಗೆ ಅಗೆದ ಮಣ್ಣಿನಲ್ಲಿ ಮೀನಿನ ಸಣ್ಣ ಸಣ್ಣ ಮೂಳೆಗಳು ಸಿಕ್ಕವು. ಅದು ಮಿಂಚುಳ್ಳಿಯ ಬಿಲದ ಒಳಕೋಣೆ. ನನಗೆ ಆಗ ಅದು ಏನೆಂದೇ ತಿಳಿಯಲಿಲ್ಲ. ಮುಂದಿನ ಎರಡು ವರ್ಷ ಆ ತಿರುವಿನಲ್ಲಿ ಮಿಂಚುಳ್ಳಿ ಮರಿ ಮಾಡಲಿಲ್ಲ. ನಿಮ್ಮದೂ ನದಿ ಪಕ್ಕದ ಜಾಗವಾಗಿದ್ದರೆ, ದಡವನ್ನು ಇಳಿಜಾರು ಮಾಡಿ ಕಲ್ಲು ಕಟ್ಟಿಸುವ ಮೊದಲು ಒಂದು ವರ್ಷ ಸುಮ್ನೆ ಕಾದು ನೋಡಿ. ನಾವು ಈಗ ಮೆಟ್ಟಿಲಿನ ಎಡಗಡೆಯ ನೇರ ಮಣ್ಣಿನ ಗೋಡೆಯನ್ನು ಮುಟ್ಟದೆ ಬಿಟ್ಟಿದ್ದೇವೆ.

ಪ್ರಶ್ನೆ: ಬೈನಾಕ್ಯುಲರ್ ಯಾವುದು ತಗೊಳ್ಳಲಿ?

8x42 ಸಾಕು. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನೋದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹತ್ತು ಪಟ್ಟಿನದು ತಗೊಂಡರೆ ಕೈ ನಡುಕವೂ ಹತ್ತು ಪಟ್ಟಾಗಿ ಕಾಣುತ್ತದೆ, ಹೊಸಬರಿಗೆ ಹಕ್ಕಿ ಹುಡುಕೋದೇ ಕಷ್ಟ. ಕೊಳ್ಳುವ ಮೊದಲು ಯಾರದ್ದಾದರೂ ಒಂದು ದಿನ ಎರವಲು ತಂದು ನೋಡಿ.

ಪ್ರಶ್ನೆ: ಬೇಸಿಗೆಯಲ್ಲಿ ನದಿ ನಡುವಿನ ಮರಳುದಿಬ್ಬಕ್ಕೆ ನಡೆದುಕೊಂಡು ಹೋದೆವು. ಹಕ್ಕಿಗಳು ಕಿರುಚಿಕೊಂಡು ತಲೆಯ ಮೇಲೇ ಎರಗಿದವು. ಯಾಕೆ ಇಷ್ಟು ಸಿಟ್ಟು?

ನೀವು ಅವುಗಳ ಮೊಟ್ಟೆಗಳ ನಡುವೆ ನಿಂತಿದ್ದಿರಿ. ರೀವ (ಟರ್ನ್), ಟಿಟ್ಟಿಭದಂಥವು ಮರಳಲ್ಲೋ ಬೆಣಚುಕಲ್ಲಿನ ನಡುವೆಯೋ ಸಣ್ಣ ಗುಳಿ ಮಾಡಿ ಮೊಟ್ಟೆ ಇಡುತ್ತವೆ, ಕಡ್ಡಿ ಹುಲ್ಲಿನ ಗೂಡು ಇರೋದೇ ಇಲ್ಲ. ಮೊಟ್ಟೆಯ ಬಣ್ಣ ಮರಳಿನ ಹಾಗೇ, ಮೇಲೆ ಚುಕ್ಕೆ. ಮೊಣಕಾಲೂರಿ ಹುಡುಕಿದರೂ ಕಾಣೋದಿಲ್ಲ, ಕಾಲಿಟ್ಟ ಮೇಲೆ ಗೊತ್ತಾಗುತ್ತದೆ.

ಮೊಟ್ಟೆ ನಿಮ್ಮ ಕಾಲಿಗೆ ಸಿಗದಿದ್ದರೂ ಇನ್ನೊಂದು ಅಪಾಯ ಉಳಿಯುತ್ತದೆ. ನೀವು ಅಲ್ಲಿರುವಷ್ಟು ಹೊತ್ತು ತಾಯಿ ತಂದೆ ಗಾಳಿಯಲ್ಲಿ ಕೂಗುತ್ತ ಸುತ್ತುತ್ತಿರುತ್ತವೆ, ಮೊಟ್ಟೆ ಬಿಸಿಲಲ್ಲಿ ಬೇಯುತ್ತಿರುತ್ತದೆ. ನಡು ಮಧ್ಯಾಹ್ನ ಈ ಹಕ್ಕಿಗಳು ಮೊಟ್ಟೆಯ ಮೇಲೆ ಕೂರೋದು ಕಾವು ಕೊಡೋಕಲ್ಲ, ನೆರಳು ಕೊಡೋಕೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು, ಒದ್ದೆ ಹೊಟ್ಟೆಯಲ್ಲೇ ಮೊಟ್ಟೆಯನ್ನು ತಂಪು ಮಾಡುತ್ತವೆ. ನಾನು ಇದನ್ನು ಮೊದಲ ಸಲ ದಡದಿಂದ ಬೈನಾಕ್ಯುಲರಿನಲ್ಲಿ ನೋಡಿದಾಗ ಕಣ್ಣು ತುಂಬಿ ಬಂತು. ಅರ್ಧ ಗಂಟೆಯಲ್ಲಿ ಅದೆಷ್ಟು ಸಲ ಹೋಗಿ ಬಂತೋ! ಹಾಗಾಗಿ ನಮ್ಮ ಅತಿಥಿಗಳಿಗೆ ಒಂದೇ ಕಟ್ಟುನಿಟ್ಟಿನ ನಿಯಮ, ಹನ್ನೆರಡನೇ ಮೆಟ್ಟಿಲು ಕಂಡ ಮೇಲೆ ದಿಬ್ಬಕ್ಕೆ ಯಾರೂ ಹೋಗುವ ಹಾಗಿಲ್ಲ. ನಾಯಿಯಂತೂ ಬೇಡವೇ ಬೇಡ. ದಡದಿಂದಲೇ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ಫೋನಿನಲ್ಲಿ ಹಕ್ಕಿಯ ಕೂಗು ಹಾಕಿದರೆ ಹತ್ತಿರ ಬರುತ್ತದಂತೆ. ಹಾಕಬಹುದಾ?

ಬೇಡ. ಬರುವುದು ನಿಜ, ಆದರೆ ಅದು ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂದುಕೊಂಡು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಫೋನನ್ನು ಕೂಗು ಕೇಳೋಕೆ ಬಳಸಿ. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಅನ್ನೋ ಆ್ಯಪ್ ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತದೆ. ಕೆಲವೊಮ್ಮೆ ತಪ್ಪುತ್ತದೆ, ಕಣ್ಣಾರೆ ನೋಡಿಯೇ ಬರೆದುಕೊಳ್ಳಿ.

ಪ್ರಶ್ನೆ: ನಾವೂ ನದಿ ಪಕ್ಕ ಎರಡು ರೂಮು ಬಾಡಿಗೆಗೆ ಕೊಡುತ್ತೇವೆ. ಸೂರಿನ ಕೆಳಗೆ ಕವಲುತೋಕೆಗಳು ಮಣ್ಣಿನ ಗೂಡು ಕಟ್ಟಿವೆ, ಹಿಕ್ಕೆ ಬೀಳುತ್ತದೆ ಅಂತ ಅತಿಥಿಗಳ ಗೊಣಗಾಟ. ಜೊತೆಗೆ ದೊಡ್ಡ ಕಿಟಕಿಗೆ ಹಕ್ಕಿಗಳು ಬಂದು ಬಡಿಯುತ್ತವೆ. ಏನು ಮಾಡೋಣ?

ಗೂಡು ಕೆಡವಬೇಡಿ. ಕೊಕ್ಕಿನಲ್ಲಿ ಒಂದೊಂದೇ ಉಂಡೆ ಕೆಸರು ತಂದು, ನೂರಾರು ಸಲ ಓಡಾಡಿ ಕಟ್ಟಿದ್ದು ಅದು. ಮುಂದಿನ ವರ್ಷವೂ ಅದನ್ನೇ ರಿಪೇರಿ ಮಾಡಿಕೊಂಡು ಬಳಸುತ್ತವೆ. ಗೂಡಿನಿಂದ ಒಂದು ಮೊಳ ಕೆಳಗೆ ಹಲಗೆಯೊಂದನ್ನು ಹೊಡೆಯಿರಿ, ಹಿಕ್ಕೆ ಅದರ ಮೇಲೆ ಬೀಳುತ್ತದೆ, ಮರಿಗಳು ಹಾರಿಹೋದ ಮೇಲೆ ತೊಳೆದರಾಯಿತು. ಕುರ್ಚಿಯನ್ನು ಎರಡು ಅಡಿ ಸರಿಸಿ, ಗೊಣಗುವವರನ್ನು ಅಲ್ಲಿ ಕೂರಿಸಿ, ಮರಿಗಳು ಬಾಯಿ ಕಳೆಯೋದನ್ನು ತೋರಿಸಿ. ನಮ್ಮಲ್ಲಿ ಅದಾದ ಮೇಲೆ ಯಾರೂ ದೂರು ಹೇಳಿಲ್ಲ.

ಕಿಟಕಿ ವಿಷಯ ಗಂಭೀರ. ಗಾಜಿನಲ್ಲಿ ಕಾಣುವ ಆಕಾಶ, ಮರ ಎಲ್ಲ ನಿಜ ಅಂದುಕೊಂಡು ಹಕ್ಕಿ ಪೂರ್ತಿ ವೇಗದಲ್ಲಿ ಬಂದು ಹೊಡೆಯುತ್ತದೆ. ಒಂದೇ ಒಂದು ಹದ್ದಿನ ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನವಿಲ್ಲ, ಅದರ ಪಕ್ಕದಲ್ಲೇ ನುಗ್ಗುತ್ತವೆ. ಗಾಜಿನ ಹೊರಮೈಗೆ ಚುಕ್ಕೆಗಳನ್ನೋ ಗೆರೆಗಳನ್ನೋ ಅಂಟಿಸಿ, ಎರಡರ ನಡುವೆ 5 ಸೆಂಟಿಮೀಟರಿಗಿಂತ ಜಾಸ್ತಿ ಜಾಗ ಬಿಡಬೇಡಿ. ಹೊಡೆದು ಬಿದ್ದ ಹಕ್ಕಿಗೆ ನೀರು ಕುಡಿಸೋಕೆ ಹೋಗಬೇಡಿ. ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಒಂದೆರಡು ಗಂಟೆ ಬಿಟ್ಟು ಹೊರಗೆ ತಂದು ಮುಚ್ಚಳ ತೆಗೆಯಿರಿ. ಆಗಲೂ ಹಾರದಿದ್ದರೆ ಪಶುವೈದ್ಯರಿಗೆ ತೋರಿಸಿ.

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ‘ಚಳಿಗಾಲದ ಹಕ್ಕಿಗಳು ಎಲ್ಲಿಂದ ಬರುತ್ತವೆ, ಅದು ಜನಕ್ಕೆ ಹೇಗೆ ಗೊತ್ತಾಯ್ತು?’ ಅಂತ ಕೇಳುತ್ತಾಳೆ.

ಎಂಥ ಒಳ್ಳೆ ಪ್ರಶ್ನೆ! ಬಹಳ ಕಾಲ ಗೊತ್ತೇ ಇರಲಿಲ್ಲ ಅಂತ ಹೇಳಿ. ಕವಲುತೋಕೆಗಳು ಚಳಿಗಾಲದಲ್ಲಿ ಕೆರೆಯ ತಳದ ಕೆಸರಿನಲ್ಲಿ ನಿದ್ದೆ ಮಾಡುತ್ತವೆ ಅಂತ ಯುರೋಪಿನಲ್ಲಿ ಓದಿದವರೂ ನಂಬಿದ್ದರು. 1822ರಲ್ಲಿ ಜರ್ಮನಿಯ ಕ್ಲೂಟ್ಸ್ ಅನ್ನೋ ಊರಿನ ಹತ್ತಿರ ಒಂದು ಬಿಳಿ ಕೊಕ್ಕರೆ ಸಿಕ್ಕಿತು. ಅದರ ಕತ್ತಿನಲ್ಲಿ ಆಫ್ರಿಕಾದ ಈಟಿ ಚುಚ್ಚಿಕೊಂಡಿತ್ತು. ಅಷ್ಟು ದೊಡ್ಡ ಗಾಯ ಹೊತ್ತುಕೊಂಡೇ ಅದು ಹಾರಿ ಬಂದಿತ್ತು. ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಅದನ್ನು ಕಾಪಾಡಿ ಇಟ್ಟಿದ್ದಾರೆ. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್ಸನ್ ಅನ್ನುವ ಮೇಷ್ಟ್ರು ಕಬ್ಬಕ್ಕಿಗಳ ಕಾಲಿಗೆ ನಂಬರು ಹಾಕಿದ ಅಲ್ಯೂಮಿನಿಯಂ ಉಂಗುರ ತೊಡಿಸಿದರು, ಆಮೇಲೆ ಯಾವ ಹಕ್ಕಿ ಎಲ್ಲಿ ಹೋಯಿತು ಅನ್ನೋ ಲೆಕ್ಕ ಸಿಗೋಕೆ ಶುರುವಾಯಿತು. ಈಗ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಯಂತ್ರ ಕಟ್ಟುತ್ತಾರೆ. 2022ರಲ್ಲಿ ಹೀಗೆ ಯಂತ್ರ ಕಟ್ಟಿದ ಒಂದು ಹಿನ್ನೀರ ಹಕ್ಕಿ, ಗಾಡ್‌ವಿಟ್ ಅಂತಾರೆ, ಹುಟ್ಟಿ ಐದೇ ತಿಂಗಳಾಗಿತ್ತು, ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನಗಳಲ್ಲಿ 13,560 ಕಿಲೋಮೀಟರ್ ಹಾರಿತು.

ಹೊರಡುವ ಹೊತ್ತು ಅವಕ್ಕೆ ತಿಳಿಯೋದು ಮುಖ್ಯವಾಗಿ ಹಗಲಿನ ಉದ್ದದಿಂದ. ಚಳಿ ಬೀಳುವವರೆಗೆ, ಹುಳ ಸಾಯುವವರೆಗೆ ಕಾದರೆ ದಾರಿಗೆ ಬೇಕಾದ ಕೊಬ್ಬು ಕೂಡಿಸೋಕೆ ಆಗೋದಿಲ್ಲ. ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟು, ವರ್ಷದ ಮೊದಲ ಸಿಪಿಲೆ ಕಂಡ ತಾರೀಕು ಬರೆಯೋಕೆ ಹೇಳಿ. ಮುಂದಿನ ವರ್ಷ ಅದೇ ವಾರ ಅದು ಮತ್ತೆ ಬಂದಾಗ ಅವಳ ಮುಖ ನೋಡಬೇಕು ನೀವು.

ಪ್ರಶ್ನೆ: ಬಣ್ಣ ಬಣ್ಣದ ಗಂಡು ಬಾತುಗಳು ಒಂದು ತಿಂಗಳಿಂದ ಕಾಣುತ್ತಿಲ್ಲ, ಬರೀ ಹೆಣ್ಣುಗಳೇ ಇವೆ. ಗಂಡುಗಳು ಎಲ್ಲಿ ಹೋದವು?

ಅಲ್ಲೇ ಇರಬಹುದು. ಮರಿ ಮಾಡುವ ಕಾಲ ಮುಗಿದ ಮೇಲೆ ಅನೇಕ ಜಾತಿಯ ಗಂಡು ಬಾತುಗಳು ಬಣ್ಣದ ಗರಿ ಉದುರಿಸಿ ಹೆಣ್ಣಿನಂತೆ ಕಂದಾಗುತ್ತವೆ. ರೆಕ್ಕೆಯ ದೊಡ್ಡ ಗರಿಗಳೂ ಒಟ್ಟಿಗೇ ಉದುರುವುದರಿಂದ ಕೆಲವು ವಾರ ಹಾರೋಕೂ ಆಗೋದಿಲ್ಲ. ಜೊಂಡಿನ ಹತ್ತಿರ ದೋಣಿ ತಗೊಂಡು ಹೋಗಬೇಡಿ ಆಗ.

ಪ್ರಶ್ನೆ: ಮಳೆಗಾಲದಲ್ಲಿ ನದಿ ಉಕ್ಕಿದಾಗ ನೀವು ಬಾಗಿಲು ಹಾಕುತ್ತೀರಾ? ಆಗ ಬಂದರೆ ನೋಡೋಕೆ ಏನಾದರೂ ಇರುತ್ತದಾ?

ಮೂರನೇ ಮೆಟ್ಟಿಲು ಮುಳುಗಿದರೆ ಬುಕಿಂಗ್ ನಿಲ್ಲಿಸುತ್ತೇವೆ, ಅದು ಸುರಕ್ಷತೆಯ ಮಾತು. ಅಲ್ಲಿವರೆಗೆ ಬನ್ನಿ. ಹಕ್ಕಿಗಳ ಹೆಸರು ಕಡಿಮೆ, ಆದರೆ ಎಲ್ಲ ತೀರಾ ಹತ್ತಿರ. ಮೋಡ ಕವಿದ ಸಂಜೆ ಗಾಳಿಯಲ್ಲಿನ ಹುಳ ಕೆಳಗಿಳಿಯುತ್ತವೆ, ಅವುಗಳ ಹಿಂದೆ ಕವಲುತೋಕೆಗಳೂ ಇಳಿದು ಜಗಲಿಯ ಮುಂದೆಯೇ, ನೀರಿಗೆ ಒಂದು ಗೇಣು ಮೇಲೆ ಹಾರುತ್ತವೆ. ನೀರುಕಾಗೆಗಳ ಗರಿ ನೀರು ಹೀರುತ್ತದೆ, ಹಾಗಾಗಿ ಮಳೆ ಬಿಟ್ಟ ಕೂಡಲೇ ಮುಳುಗಿದ ಮರದ ತುದಿಯಲ್ಲಿ ಸಾಲಾಗಿ ರೆಕ್ಕೆ ಬಿಚ್ಚಿ ನಿಲ್ಲುತ್ತವೆ. ಹೋದ ವರ್ಷ ನಾಲ್ಕನೇ ಮೆಟ್ಟಿಲವರೆಗೆ ಮಾತ್ರ ಹೊರಗಿದ್ದ ದಿನಗಳಲ್ಲಿ ಬೂದು ಬಕವೊಂದು ಆ ಮೆಟ್ಟಿಲ ಮೇಲೇ ಬಂದು ನಿಂತಿತು, ಐದನೇ ಮೆಟ್ಟಿಲಿನ ತೆಳು ನೀರಿಗೆ ಬರುವ ಮರಿಮೀನು ಕಾಯುತ್ತ. ನಾವು ಒಳಗೆ ದೀಪ ಆರಿಸಿ, ಅತಿಥಿಗಳೆಲ್ಲ ಕಿಟಕಿಯ ಹತ್ತಿರ ನೆಲದ ಮೇಲೆ ಕೂತು, ತಿಂಡಿ ಆರಿಹೋದರೂ ಏಳದೆ ನೋಡಿದೆವು.