ಮಾತ್ರೆ ಬದಲಾಯಿತು, ಅಮ್ಮನಿಗೆ ಸುಸ್ತು ಶುರುವಾಯಿತು

ಪ್ರಶ್ನೆ: ನನ್ನ ಅಮ್ಮನಿಗೆ 61 ವರ್ಷ. ಒಂಬತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, 50 ಮೈಕ್ರೋಗ್ರಾಂ. ಹೋದ ತಿಂಗಳು ಸ್ವಲ್ಪ ಖರ್ಚು ಉಳಿಯಲಿ ಅಂತ ಅದೇ ಪವರಿನ ಜನರಿಕ್ ಮಾತ್ರೆ ತಂದುಕೊಟ್ಟೆ. ಮೂರನೇ ದಿನಕ್ಕೇ ಸುಸ್ತು, ಕೈಕಾಲು ಸೆಳೆತ, ಕೂದಲು ಉದುರುತ್ತಿದೆ ಎಂದು ಶುರುವಾಯಿತು. 'ಇದು ಡೂಪ್ಲಿಕೇಟ್ ಮಾತ್ರೆ' ಅನ್ನುತ್ತಾರೆ. ಅಣ್ಣ 'ಎಲ್ಲಾ ನಿನ್ನ ಕಲ್ಪನೆ' ಎಂದು ರೇಗಿದ. ಎರಡು ದಿನ ಅಮ್ಮ ಅವನ ಜೊತೆ ಮಾತೇ ಬಿಟ್ಟಿದ್ದರು. ಚಿಕ್ಕಮ್ಮನದು ಇನ್ನೊಂದು ವಾದ. ನಂಬಿಕೆ ಗಟ್ಟಿಯಾಗಿದ್ದರೆ ಮಾತ್ರೆಯೇ ಬೇಡವಂತೆ. ನಂಬಿಕೆಗೆ ನಿಜವಾಗಿ ಅಷ್ಟು ಶಕ್ತಿ ಇದೆಯಾ? ಅಮ್ಮನಿಗೆ ಆಗುತ್ತಿರುವುದು ನಿಜವಾ, ಸುಳ್ಳಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಮ್ಮನ ಸುಸ್ತು ನಿಜ. ಅದಕ್ಕೆ ಕಾರಣ ಆ ಮಾತ್ರೆಯೇನಾ ಅನ್ನುವುದು ಬೇರೆ ಪ್ರಶ್ನೆ. ನಿಮ್ಮ ಮನೆಯಲ್ಲಿ ಎರಡನ್ನೂ ಒಂದೇ ಮಾಡಿಕೊಂಡು ಜಗಳವಾಗಿದೆ. ಅಣ್ಣ ಮೊದಲನೆಯದನ್ನೇ ಇಲ್ಲ ಎಂದ. ಅಮ್ಮನಿಗೆ ನೋವಾಗದೆ ಇನ್ನೇನು?

ನಿಮ್ಮ ಮನೆಯಲ್ಲಿ ಆದದ್ದು ಹಿಂದೆ ಒಂದು ಇಡೀ ದೇಶದಲ್ಲೇ ಆಗಿದೆ. ಅದೂ ಇದೇ ಥೈರಾಯ್ಡ್ ಮಾತ್ರೆಯಿಂದ. 2007ರಲ್ಲಿ ನ್ಯೂಜಿಲೆಂಡ್‌ನಲ್ಲಿ ಎಲ್ಟ್ರಾಕ್ಸಿನ್ ಎಂಬ ಮಾತ್ರೆ ತಯಾರಾಗುವ ಜಾಗ ಕೆನಡಾದಿಂದ ಜರ್ಮನಿಗೆ ಬದಲಾಯಿತು. ಹಳದಿ ಮಾತ್ರೆ ಬಿಳಿಯಾಯಿತು, ಗಾತ್ರವೂ ಬೇರೆಯಾಯಿತು. ಒಳಗಿನ ಔಷಧಿ ಮಾತ್ರ ಅದೇ ಥೈರಾಕ್ಸಿನ್, ಅದೇ ಅಳತೆ. ಅದಕ್ಕೂ ಮುಂಚಿನ ಸುಮಾರು 30 ವರ್ಷಗಳಲ್ಲಿ ಈ ಮಾತ್ರೆಯ ಅಡ್ಡಪರಿಣಾಮದ ಬಗ್ಗೆ ದಾಖಲಾಗಿದ್ದ ದೂರುಗಳು ಬರೀ 14. ಬದಲಾವಣೆಯ ನಂತರದ 18 ತಿಂಗಳಲ್ಲಿ 1,400ಕ್ಕೂ ಜಾಸ್ತಿ ದೂರು ಬಂದವು. ಸುಸ್ತು, ಮೈಕೈ ನೋವು, ತಲೆನೋವು, ತುರಿಕೆ, ಕಣ್ಣು ಮಂಜು. ಪರೀಕ್ಷೆ ಮಾಡಿ ನೋಡಿದರು. ಔಷಧಿಯ ಅಂಶದಲ್ಲಿ ವ್ಯತ್ಯಾಸ ಸಿಗಲಿಲ್ಲ.

ಟಿವಿಯಲ್ಲಿ, ಪತ್ರಿಕೆಗಳಲ್ಲಿ ಸುದ್ದಿ ಹೆಚ್ಚು ಬಂದ ಊರುಗಳಿಂದಲೇ ದೂರುಗಳೂ ಹೆಚ್ಚು ಬಂದಿದ್ದವು. ಟಿವಿಯಲ್ಲಿ ಯಾವ ಲಕ್ಷಣಗಳ ಹೆಸರು ಹೇಳಿದ್ದರೋ, ಆಮೇಲಿನ ದೂರುಗಳಲ್ಲಿ ಅವೇ ಏರಿದವು. ಆ ಜನ ಸುಳ್ಳು ಹೇಳುತ್ತಿದ್ದರು ಎಂದು ನಾನು ಖಂಡಿತ ಒಪ್ಪುವುದಿಲ್ಲ. ಅವರಿಗೆ ಹಾಗೆ ಆಗುತ್ತಲೇ ಇತ್ತು.

ಹೇಗೆ ಅಂತೀರಾ? ಪಕ್ಕದ ಮನೆ ಮಗುವಿನ ತಲೆಯಲ್ಲಿ ಹೇನು ಇದೆಯಂತೆ ಎಂದು ಯಾರಾದರೂ ಹೇಳಲಿ. ಮರುಕ್ಷಣ ನಿಮ್ಮ ತಲೆ ತುರಿಸುತ್ತದೆ. ಇದನ್ನು ಓದುವಾಗಲೇ ಕೆಲವರ ಕೈ ತಲೆಗೆ ಹೋಗಿರಬಹುದು. ಆ ತುರಿಕೆ ನಟನೆ ಅಲ್ಲ. ತಲೆಯ ಚರ್ಮದಿಂದ ಮಿದುಳಿಗೆ ಸಣ್ಣಪುಟ್ಟ ಸಂದೇಶಗಳು ಯಾವಾಗಲೂ ಹೋಗುತ್ತಲೇ ಇರುತ್ತವೆ. ಬೇರೆ ದಿನ ಮಿದುಳು ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 'ಹೇನು' ಎಂಬ ಮಾತು ಬಿದ್ದಮೇಲೆ ಅದೇ ಸಂದೇಶವನ್ನು ಎತ್ತಿ ಹಿಡಿಯುತ್ತದೆ.

ನಮ್ಮ ಮಿದುಳು ಬಂದದ್ದನ್ನು ಬಂದ ಹಾಗೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಏನು ಬರಬಹುದು ಎಂದು ಮೊದಲೇ ಅಂದಾಜು ಮಾಡಿಕೊಂಡಿರುತ್ತದೆ. ನಾವು ನೋಡುವುದು, ಕೇಳುವುದು, ಮೈಯಲ್ಲಿ ಅನುಭವಿಸುವುದು ಎಲ್ಲವೂ ಆ ಅಂದಾಜು ಮತ್ತು ಹೊರಗಿನಿಂದ ಬಂದ ಸುದ್ದಿ ಎರಡೂ ಕಲೆತದ್ದು. ಬಚ್ಚಲಲ್ಲಿ ನೀರು ಬಿಟ್ಟುಕೊಂಡಿದ್ದಾಗ ಫೋನ್ ಹೊಡೆದ ಹಾಗೆ ಕೇಳಿಸುತ್ತದೆ, ಅಲ್ವಾ? ಮುಖ್ಯವಾದ ಫೋನ್ ಬರಬೇಕಿದ್ದ ದಿನವಂತೂ ಇನ್ನೂ ಜಾಸ್ತಿ.

ಈಗ ಅಮ್ಮನ ವಿಷಯಕ್ಕೆ ಬನ್ನಿ. 61ರ ವಯಸ್ಸಿನಲ್ಲಿ ಸ್ವಲ್ಪ ಸುಸ್ತು, ಮಂಡಿನೋವು, ಬಾಚಣಿಗೆಯಲ್ಲಿ ನಾಲ್ಕು ಕೂದಲು ಇಲ್ಲದ ದಿನ ಯಾವುದು? ಹೋದ ತಿಂಗಳವರೆಗೆ ಅವು ವಯಸ್ಸಿನ ಲೆಕ್ಕಕ್ಕೆ ಹೋಗುತ್ತಿದ್ದವು. ಈಗ ಹೊಸ ಮಾತ್ರೆಯ ಲೆಕ್ಕಕ್ಕೆ ಬರುತ್ತಿವೆ. ಜೊತೆಗೆ ಆತಂಕವೂ ಸೇರಿಕೊಂಡಿದೆ. ಆತಂಕ ನಿದ್ದೆ ಕೆಡಿಸುತ್ತದೆ, ನಿದ್ದೆ ಕೆಟ್ಟರೆ ಮೈ ಇನ್ನಷ್ಟು ನೋಯುತ್ತದೆ. ಕೆಟ್ಟದ್ದಾಗುತ್ತದೆ ಎಂಬ ನಿರೀಕ್ಷೆಯೇ ಕೆಟ್ಟದ್ದನ್ನು ತರುವ ಇದಕ್ಕೆ ವೈದ್ಯರು ನೊಸಿಬೊ ಎನ್ನುತ್ತಾರೆ. ಬರೀ ಸಕ್ಕರೆ ಗುಳಿಗೆಯಿಂದ ಹಿತವೆನಿಸಿದರೆ ಅದು ಪ್ಲಸಿಬೊ.

ಇಂಗ್ಲೆಂಡಿನಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ಅದು ರೋಗಿಗಳ ಮಾತನ್ನು ಗೌರವದಿಂದ ಕೇಳಿಸಿಕೊಂಡ ಅಧ್ಯಯನ. ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆ ಮೈಗೆ ಒಗ್ಗಲಿಲ್ಲ ಎಂದು ಬಿಟ್ಟಿದ್ದ 60 ಜನರನ್ನು ಸೇರಿಸಿಕೊಂಡರು. ಒಬ್ಬೊಬ್ಬರಿಗೂ 12 ಬಾಟಲಿ, ತಿಂಗಳಿಗೆ ಒಂದು. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ನೋಡಲು ಹಾಗೇ ಇರುವ ಔಷಧಿ ಇಲ್ಲದ ಮಾತ್ರೆ, ನಾಲ್ಕು ಖಾಲಿ. ಪ್ರತಿದಿನ ತೊಂದರೆ ಎಷ್ಟಿತ್ತು ಎಂದು ನೂರಕ್ಕೆ ಅಂಕ ಹಾಕಬೇಕು. ಖಾಲಿ ಬಾಟಲಿಯ ತಿಂಗಳುಗಳಲ್ಲಿ ಸರಾಸರಿ 8. ಸ್ಟ್ಯಾಟಿನ್ ತಿಂಗಳುಗಳಲ್ಲಿ 16.3. ಔಷಧಿ ಇಲ್ಲದ ಮಾತ್ರೆಯ ತಿಂಗಳುಗಳಲ್ಲಿ 15.4. ಅಂದರೆ ಮಾತ್ರೆ ನುಂಗಿದಾಗ ಅವರಿಗೆ ನಿಜಕ್ಕೂ ತೊಂದರೆ ಆಗುತ್ತಿತ್ತು. ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ಬಂದದ್ದು ಮಾತ್ರೆ ನುಂಗಿದ್ದರಿಂದ, ಒಳಗಿನ ಔಷಧಿಯಿಂದ ಅಲ್ಲ. ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರುಮಾಡಿದರು. ಯಾರೂ ಅವರಿಗೆ ಬೈಯಲಿಲ್ಲ, ಭಾಷಣ ಮಾಡಲಿಲ್ಲ. ಅವರ ಲೆಕ್ಕವನ್ನು ಅವರ ಕೈಗೇ ಕೊಟ್ಟರು.

ಇದನ್ನು ಒತ್ತಿ ಹೇಳಲು ನನಗೊಂದು ಕಾರಣವಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ಹೆಂಗಸಿಗೆ ನಾನು 'ನಿಮಗೇನೂ ಇಲ್ಲಮ್ಮ, ಸುಮ್ನೆ ಯೋಚನೆ ಮಾಡ್ತೀರಿ' ಎಂದು ಹೇಳಿ ಕಳಿಸಿದ್ದೆ. ಅವರು ಮತ್ತೆ ಬರಲೇ ಇಲ್ಲ. ಮಾತ್ರೆಯನ್ನೂ ಬಿಟ್ಟರಂತೆ. ನಾನು ಆ ಮಾತು ಆಡಬಾರದಿತ್ತು. ನೋವು ಮನಸ್ಸಿನ ದಾರಿಯಲ್ಲಿ ಬಂದರೂ ಅದು ದೇಹದಲ್ಲೇ ಕೆಲಸ ಮಾಡುತ್ತದೆ. 1978ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಬುದ್ಧಿಹಲ್ಲು ಕೀಳಿಸಿಕೊಂಡವರಲ್ಲಿ ಇದನ್ನು ತೋರಿಸಿದರು. ಔಷಧಿ ಇಲ್ಲದ ಇಂಜೆಕ್ಷನ್‌ನಿಂದಲೇ ಕೆಲವರ ನೋವು ಇಳಿಯಿತು. ಆಮೇಲೆ ನಲೋಕ್ಸೋನ್ ಕೊಟ್ಟರು. ದೇಹ ತಾನೇ ತಯಾರಿಸುವ, ಅಫೀಮಿನ ಥರದ ನೋವುನಿವಾರಕವನ್ನು ತಡೆಯುವ ಔಷಧಿ ಅದು. ನೋವು ಮತ್ತೆ ಏರಿತು. ಅಂದರೆ ಆ ನಂಬಿಕೆ ಅವರ ದೇಹದಿಂದಲೇ ನೋವುನಿವಾರಕ ಹೊರಡಿಸಿತ್ತು.

ಹಾಗಿದ್ದರೆ ಚಿಕ್ಕಮ್ಮ ಹೇಳುವುದೇ ಸರಿಯಾ? ಇಲ್ಲ. ಇಲ್ಲಿ ದಯವಿಟ್ಟು ಎಚ್ಚರವಾಗಿರಿ. 2011ರಲ್ಲಿ ಅಮೆರಿಕದಲ್ಲಿ ಆಸ್ತಮಾ ಇದ್ದವರಿಗೆ ಬೇರೆ ಬೇರೆ ದಿನ ನಾಲ್ಕು ಥರ ಮಾಡಿ ನೋಡಿದರು: ನಿಜವಾದ ಇನ್ಹೇಲರ್, ಔಷಧಿ ಇಲ್ಲದ ಇನ್ಹೇಲರ್, ತೋರಿಕೆಯ ಅಕ್ಯುಪಂಕ್ಚರ್, ಮತ್ತೆ ಏನೂ ಮಾಡದೆ ಸುಮ್ಮನೆ ಕೂರಿಸುವುದು. ಎಷ್ಟು ಆರಾಮಾಯಿತು ಎಂದು ಕೇಳಿದರೆ ಮೊದಲ ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಉತ್ತರ: 50, 45, 46 ಪರ್ಸೆಂಟ್ ಸುಧಾರಣೆ. ಸುಮ್ಮನೆ ಕೂತ ದಿನ 21. ಆದರೆ ಊದಿಸಿ ಶ್ವಾಸಕೋಶವನ್ನು ಅಳೆದಾಗ ಕಥೆಯೇ ಬೇರೆ. ನಿಜವಾದ ಔಷಧಿಯಿಂದ ಸುಮಾರು 20 ಪರ್ಸೆಂಟ್ ಸುಧಾರಣೆ, ಉಳಿದ ಮೂರರಲ್ಲೂ ಬರೀ 7ರ ಆಸುಪಾಸು. ಉಸಿರಾಟ ಸಲೀಸಾಯಿತು ಎಂದು ಅನಿಸಿತ್ತು, ಆದರೆ ಶ್ವಾಸನಾಳ ಅಷ್ಟು ತೆರೆದಿರಲಿಲ್ಲ. ಇದನ್ನು ಮೊದಲ ಸಲ ಓದಿದಾಗ ನನಗೆ ಭಯವಾಯಿತು. ಆರಾಮಾಗಿದ್ದೇನೆ ಎಂದು ನಂಬಿ ಇನ್ಹೇಲರ್ ಬಿಟ್ಟವರ ಗತಿ ಏನು?

ಥೈರಾಯ್ಡ್ ಕೂಡ ಹಾಗೇ. ನೋವು, ವಾಕರಿಕೆ, ಸುಸ್ತು ಇವುಗಳ ಮೇಲೆ ನಂಬಿಕೆಯ ಹಿಡಿತ ದೊಡ್ಡದು. ಗ್ರಂಥಿ ಸಾಕಷ್ಟು ಹಾರ್ಮೋನ್ ಮಾಡದಿದ್ದಾಗ ಆ ಕೊರತೆಯನ್ನು ನಂಬಿಕೆ ತುಂಬಿಕೊಡುವುದಿಲ್ಲ. ಮಾತ್ರೆ ಒಂದು ದಿನವೂ ಬಿಡಬೇಡಿ ಎಂದು ಅಮ್ಮನಿಗೂ ಚಿಕ್ಕಮ್ಮನಿಗೂ ಒಟ್ಟಿಗೇ ಕೂರಿಸಿ ಹೇಳಿ.

ಇನ್ನು ಅಮ್ಮನ ಅನುಮಾನದ ಕಡೆಯಿಂದಲೂ ನೋಡೋಣ. ಥೈರಾಕ್ಸಿನ್ ಮೈಕ್ರೋಗ್ರಾಂ ಲೆಕ್ಕದ ಔಷಧಿ. ಕಂಪನಿ ಬದಲಾದಾಗ ಕೆಲವರಲ್ಲಿ ರಕ್ತದ ಮಟ್ಟ ಸ್ವಲ್ಪ ಏರುಪೇರಾಗಬಹುದು. ಹಾಗಾಗಿ ಅನುಮಾನ ಪೂರ್ತಿ ಹುರುಳಿಲ್ಲದ್ದಲ್ಲ. ಆದರೆ ಮೂರನೇ ದಿನಕ್ಕೇ ಶುರುವಾಯಿತು ಎಂದು ಬರೆದಿದ್ದೀರಿ. ಈ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಡೋಸ್ ಕಮ್ಮಿಯಾಗಿದ್ದರೂ ಮೈಗೆ ಗೊತ್ತಾಗಲು ವಾರಗಳೇ ಹಿಡಿಯುತ್ತವೆ. ಮೂರು ದಿನದಲ್ಲಿ ಕೂದಲು ಉದುರುವುದಂತೂ ಸಾಧ್ಯವಿಲ್ಲ. ಮೈಮೇಲೆ ದದ್ದು, ತುರಿಕೆ ಬಂದಿದ್ದರೆ ಮಾತು ಬೇರೆ, ಮಾತ್ರೆಯಲ್ಲಿ ಬೆರೆಸುವ ಬೇರೆ ಪದಾರ್ಥ ಕೆಲವರಿಗೆ ಆಗುವುದಿಲ್ಲ. ಎದೆ ಡವಡವ, ಕೈ ನಡುಕ ಇದ್ದರೆ ಕಾಯದೆ ಡಾಕ್ಟರಿಗೆ ತೋರಿಸಿ.

ಒಂದು ಸಣ್ಣ ವಿಚಾರಣೆಯನ್ನೂ ಮಾಡಿ. ಬೆಳಿಗ್ಗೆ ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಕಾಫಿ ಕುಡಿಯುತ್ತಾರೆ? ಮಲೆನಾಡಿನ ಮನೆಗಳಲ್ಲಿ ಎದ್ದ ಕೂಡಲೇ ಕಾಫಿ ಎಂದು ನನಗೆ ಗೊತ್ತು. ಕಾಫಿ ಈ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಖಾಲಿ ಹೊಟ್ಟೆಗೆ ನೀರಿನ ಜೊತೆ ಮಾತ್ರೆ, ಆಮೇಲೆ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ ಅಥವಾ ಐರನ್ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ.

ಹೊಸ ಮಾತ್ರೆ ಶುರುಮಾಡಿ ಆರು ವಾರವಾದಾಗ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಅದಕ್ಕಿಂತ ಮುಂಚೆ ಮಾಡಿಸಿದರೆ ಸರಿಯಾದ ಚಿತ್ರ ಸಿಗುವುದಿಲ್ಲ. ಅಲ್ಲಿಯವರೆಗೆ ಅಮ್ಮ ಒಂದು ನೋಟ್‌ಬುಕ್‌ನಲ್ಲಿ ದಿನಾ ರಾತ್ರಿ ಸುಸ್ತಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಲಿ. ಆ ದಿನ ನಿದ್ದೆ ಹೇಗಿತ್ತು, ಕೆಲಸ ಎಷ್ಟಿತ್ತು ಎಂದೂ ಪಕ್ಕದಲ್ಲಿ ಬರೆಯಲಿ. ನೀವು ಇಣುಕಿ ನೋಡಬೇಡಿ, ದಿನಾ 'ಇವತ್ತು ಹೇಗಿದೆ' ಎಂದು ಕೇಳಲೂ ಬೇಡಿ. ಕೇಳಿದಷ್ಟೂ ಗಮನ ಅಲ್ಲಿಗೇ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಬರುವ ಅಡ್ಡಪರಿಣಾಮಗಳ ಪಟ್ಟಿಯನ್ನಂತೂ ಅವರ ಮುಂದೆ ಓದಬೇಡಿ.

ರಿಪೋರ್ಟ್ ಬಂದ ದಿನ ಹಳೆಯ ರಿಪೋರ್ಟನ್ನೂ ಪಕ್ಕದಲ್ಲಿಟ್ಟು ಅಮ್ಮನ ಕೈಗೇ ಕೊಡಿ. ಎರಡೂ ಒಂದೇ ಥರ ಇದ್ದರೆ ಅವರೇ ನೋಡಲಿ. ವ್ಯತ್ಯಾಸ ಇದ್ದರೆ ಡಾಕ್ಟರು ಡೋಸ್ ಸರಿಮಾಡುತ್ತಾರೆ. ರಿಪೋರ್ಟ್ ಸರಿಯಿದ್ದೂ ಅಮ್ಮನಿಗೆ ಸಮಾಧಾನವಾಗದಿದ್ದರೆ ಹಳೆಯ ಬ್ರ್ಯಾಂಡನ್ನೇ ತಂದುಕೊಡಿ, ಮತ್ತೆ ಬದಲಾಯಿಸಬೇಡಿ. ತಿಂಗಳಿಗೆ ಸ್ವಲ್ಪ ದುಡ್ಡು ಜಾಸ್ತಿ ಹೋಗುತ್ತದೆ, ಹೋಗಲಿ. ಅಮ್ಮ ತಪ್ಪದೆ ನುಂಗುವ ಮಾತ್ರೆಯೇ ಅವರಿಗೆ ಬೇಕಾದ ಮಾತ್ರೆ. ಮತ್ತೆ ಅಣ್ಣನಿಗೆ ಹೇಳಿ, ರಿಪೋರ್ಟಿಗಾಗಿ ಕಾಯದೆ ಇವತ್ತೇ ಹೋಗಿ ಅಮ್ಮನ ಪಕ್ಕ ಕೂತು, 'ಎಲ್ಲಿ ನೋಯ್ತಿದೆ ಅಮ್ಮಾ' ಎಂದು ಒಂದು ಸಲ ಕೇಳಲಿ.